ಸರ್ವರ್‌ನಲ್ಲಿ ಹುಟ್ಟಿ ಪಿಡಿಎಫ್‌ನಲ್ಲೇ ಉಳಿಯುವ ವ್ಯಾಕ್ಸಿನ್‌ಗಳು

ಮತ್ತೊಂದು ಪೇಪರ್ ಬಂತು ನೋಡಿ! ಕಂಪ್ಯೂಟರ್‌ನಲ್ಲಿ 'ಮಲ್ಟಿ-ಎಪಿಟೋಪ್ ವ್ಯಾಕ್ಸಿನ್' (ನಮ್ಮ ರೋಗನಿರೋಧಕ ವ್ಯವಸ್ಥೆ ಗುರುತಿಸುವ ವೈರಸ್ ತುಣುಕುಗಳನ್ನು ಪೋಣಿಸಿದ ವ್ಯಾಕ್ಸಿನ್) ವಿನ್ಯಾಸ ಮಾಡಿದ್ದೇವೆ, ರಿವ್ಯೂ ಮಾಡಿಕೊಡಿ ಅಂತ. ವೈರಸ್ ಹೆಸರೊಂದು ಬೇರೆ, ಉಳಿದದ್ದೆಲ್ಲ ಈ ಹಿಂದೆ ಬಂದ ಪೇಪರ್‌ಗಳದ್ದೇ. ಇಂಥವು ನನ್ನ ಬಳಿ ರಿವ್ಯೂಗೆ ಬರುತ್ತಲೇ ಇರುತ್ತವೆ, ಹಾಗಾಗಿ ಈ ಸಿಟ್ಟನ್ನು ಸಹಿಸಿಕೊಳ್ಳಿ.

ಮಾಡೋದಿಷ್ಟೇ. ವೈರಸ್ಸಿನ ಪ್ರೋಟೀನ್ ಸೀಕ್ವೆನ್ಸ್, ಅಂದರೆ ಅದರ ಅಮೈನೋ ಆಮ್ಲಗಳ ಸಾಲು, ಇಳಿಸಿಕೊಳ್ಳೋದು. ಅದರಲ್ಲಿ ಯಾವ ತುಣುಕು ನಮ್ಮ ಎಚ್‌ಎಲ್‌ಎಗೆ (ವೈರಸ್ ತುಣುಕನ್ನು ರೋಗನಿರೋಧಕ ಕೋಶಗಳಿಗೆ ಎತ್ತಿ ತೋರಿಸುವ ಪ್ರೋಟೀನಿಗೆ) ಅಂಟಬಹುದು ಅಂತ ಒಂದು ವೆಬ್ ಸರ್ವರನ್ನು ಕೇಳೋದು. ಸಿಕ್ಕ ತುಣುಕುಗಳನ್ನು ಎಎವೈ, ಜಿಪಿಜಿಪಿಜಿ ಅನ್ನೋ ಲಿಂಕರ್ (ನಡುವಿನ ಪುಟ್ಟ ಕೊಂಡಿ) ಹಾಕಿ ಪೋಣಿಸೋದು. ಇದು ರೋಗನಿರೋಧಕ ವ್ಯವಸ್ಥೆಯನ್ನು ಎಬ್ಬಿಸಬಲ್ಲದಾ ಅಂತ ಊಹಿಸುವ ವ್ಯಾಕ್ಸಿಜೆನ್ ಅನ್ನೋ ಪ್ರೋಗ್ರಾಂನ ಸ್ಕೋರ್ 0.4 ದಾಟಿತಾ? ದಾಟಿತು. ಆಮೇಲೆ ಟಿಎಲ್‌ಆರ್4 (ರೋಗಾಣು ಬಂದದ್ದನ್ನು ಗುರುತಿಸುವ ನಮ್ಮದೇ ಪ್ರೋಟೀನ್) ಜೊತೆ ಡಾಕಿಂಗ್, ಅಂದರೆ ಎರಡು ಪ್ರೋಟೀನ್ ಹೇಗೆ ಅಂಟಿಕೊಳ್ಳಬಹುದು ಅಂತ ಕಂಪ್ಯೂಟರ್‌ನಲ್ಲಿ ನೋಡೋದು. ಡಾಕಿಂಗ್ ಪ್ರೋಗ್ರಾಂ ಕೈಗೆ ಯಾವ ಎರಡು ಪ್ರೋಟೀನ್ ಕೊಟ್ಟರೂ ಎಲ್ಲೋ ಒಂದು ಕಡೆ ಅಂಟಿಸಿಯೇ ಅಂಟಿಸುತ್ತದೆ. 'ಇವು ಸೇರಲ್ಲ' ಅನ್ನೋದು ಅದರ ಜಾಯಮಾನದಲ್ಲೇ ಇಲ್ಲ! ಚಿತ್ರ ಮಾತ್ರ ಭಾರಿ ಚಂದ. ನಿಜ ಹೇಳ್ತೀನಿ, ನನಗೂ ನೋಡುತ್ತಾ ಕೂರೋಣ ಅನಿಸುತ್ತದೆ.

ಆದರೆ ಸ್ವಾಮಿ, ಆ ಪ್ರೋಟೀನನ್ನು ಮಾಡಿ ನೋಡಿದ್ದೀರಾ? ಅದು ಸರಿಯಾಗಿ ಮಡಚಿಕೊಳ್ಳುತ್ತಾ? ಒಂದು ಇಲಿಗಾದರೂ ಕೊಟ್ಟಿದ್ದೀರಾ? ಇಲ್ಲ. 'ಮುಂದೆ ಲ್ಯಾಬ್‌ನಲ್ಲಿ ಪರೀಕ್ಷಿಸಬೇಕಿದೆ' ಅಂತ ಕೊನೇ ಸಾಲು.

ಈಗ ಯಾರಾದರೂ ಬಂದೇ ಬರುತ್ತಾರೆ, 'ಮಾಡರ್ನಾದವರು ಎರಡೇ ದಿನದಲ್ಲಿ ಕೊರೋನಾ ವ್ಯಾಕ್ಸಿನ್ ವಿನ್ಯಾಸ ಮಾಡಲಿಲ್ವಾ' ಅಂತ. ಹೌದಪ್ಪಾ, 2020ರ ಜನವರಿ 13ಕ್ಕೆ ವ್ಯಾಕ್ಸಿನ್‌ನ ಸೀಕ್ವೆನ್ಸ್ ರೆಡಿ ಇತ್ತು. ಆದರೆ ವೈರಸ್ಸಿನ ಮೈಮೇಲಿನ ಸ್ಪೈಕ್ ಪ್ರೋಟೀನ್ ಆಕಾರ ಬದಲಿಸದ ಹಾಗೆ 986, 987ನೇ ಜಾಗದಲ್ಲಿ ಪ್ರೋಲಿನ್ ಅನ್ನೋ ಅಮೈನೋ ಆಮ್ಲ ಎರಡು ಹಾಕಬೇಕು ಅನ್ನೋ ಜಾಣತನ ಎಲ್ಲಿಂದ ಬಂತು? ವಿಜ್ಞಾನಿಗಳಾದ ಬಾರ್ನೀ ಗ್ರಹಾಂ, ಜೇಸನ್ ಮ್ಯಾಕ್ಲೆಲನ್ ಮತ್ತವರ ಜೊತೆಗಾರರು ಮರ್ಸ್ ಅನ್ನೋ ಇನ್ನೊಂದು ಕೊರೋನಾ ವೈರಸ್ ಮೇಲೆ ವರ್ಷಗಟ್ಟಲೆ ಪ್ರೋಟೀನ್ ಮಾಡಿ ಮಾಡಿ ನೋಡಿದ್ದರಿಂದ. ಅದನ್ನು ಅವರು 2017ರಲ್ಲೇ ಪ್ರಕಟಿಸಿದ್ದರು. ಆ ಎರಡು ದಿನದ ಕತೆ ಹೇಳುವವರಿಗೆ ಇದು ಮಾತ್ರ ನೆನಪಾಗಲ್ಲ.

ಸ್ಕೈಕೋವಿಯೋನ್ ಅನ್ನೋ ಕೊರೋನಾ ವ್ಯಾಕ್ಸಿನ್ ನಿಜಕ್ಕೂ ಕಂಪ್ಯೂಟರ್‌ನಲ್ಲಿ ವಿನ್ಯಾಸವಾದದ್ದು, ಒಪ್ಪುತ್ತೇನೆ. ವಾಷಿಂಗ್ಟನ್ ವಿಶ್ವವಿದ್ಯಾಲಯದವರ ನ್ಯಾನೋಕಣ ಅದು. ಆದರೆ ಅದನ್ನು ಮಾಡಿದರು, ಪ್ರಾಣಿಗಳಿಗೆ ಕೊಟ್ಟರು, ಜನರ ಮೇಲೆ ಮೂರನೇ ಹಂತದ ಪರೀಕ್ಷೆ ಮುಗಿಸಿದರು. 2022ರಲ್ಲಿ ದಕ್ಷಿಣ ಕೊರಿಯಾ ಒಪ್ಪಿಗೆ ಕೊಟ್ಟಿದ್ದು ಆಮೇಲೆ.

ಎಚ್‌ಐವಿಯ 'ಮೊಸಾಯಿಕ್' ವ್ಯಾಕ್ಸಿನ್ ನೋಡಿ, ಬೇರೆ ಬೇರೆ ಎಚ್‌ಐವಿ ತಳಿಗಳ ತುಣುಕುಗಳನ್ನು ಕಂಪ್ಯೂಟರ್‌ನಲ್ಲಿ ಜೋಡಿಸಿದ್ದು. ಅದರ ಹಿಂದಿರುವ ವಿಜ್ಞಾನಿ ಬೆಟ್ಟೆ ಕೋರ್ಬರ್ ತಂಡದ ಲೆಕ್ಕಾಚಾರ ಸಾಮಾನ್ಯದ್ದಲ್ಲ. ಮಂಗಗಳಲ್ಲೂ ಚೆನ್ನಾಗಿಯೇ ಕೆಲಸ ಮಾಡಿತ್ತು. ಆದರೂ ಜನರ ಮೇಲಿನ ಇಂಬೊಕೊಡೊ ಪರೀಕ್ಷೆ 2021ರಲ್ಲಿ, ಮೊಸಾಯಿಕೊ ಪರೀಕ್ಷೆ 2023ರಲ್ಲಿ ಫೇಲಾದವು. ಅಂಥವರದ್ದೇ ಹೀಗಾದರೆ, 0.4 ದಾಟಿತು ಅಂತ ಕುಣಿಯೋರಿಗೆ ಏನು ಹೇಳೋದು?

'ಲ್ಯಾಬ್‌ಗೆ ದುಡ್ಡಿಲ್ಲ ಸಾರ್' ಅನ್ನುತ್ತಾರೆ. ಸರಿ, ನ್ಯಾಯವೇ. ಹಾಗಾದರೆ ಊಹೆ ಅಂತಲೇ ಬರೆಯಿರಿ. ಪೂರ್ತಿ ಸೀಕ್ವೆನ್ಸ್ ಹಾಕಿ, ಲ್ಯಾಬ್ ಇರೋರು ಯಾರಾದರೂ ಮಾಡಿ ನೋಡಲಿ. ಇವತ್ತು ಬಂದದ್ದರಲ್ಲಿ ಅದನ್ನೂ ಚಿತ್ರದೊಳಗೆ ಅಂಟಿಸಿಟ್ಟಿದ್ದಾರೆ, ಕಾಪಿ ಮಾಡೋಕೂ ಆಗಲ್ಲ.