ಸ್ಪಷ್ಟನೆ: ನಮ್ಮ ‘ಊರು’ ಸಂಸ್ಕೃತದ ‘ಊರು’ ಅಲ್ಲ

‘ಊರು ಸಂಸ್ಕೃತದಿಂದ ಬಂದ ಪದ, ಸಂಸ್ಕೃತ ನಿಘಂಟಿನಲ್ಲೇ ಇದೆ’ ಎಂಬ ಸಂದೇಶ ದಾವಣಗೆರೆಯ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ನಿಘಂಟಿನಲ್ಲಿ ಇರುವುದು ನಿಜ. ಆದರೆ ಅಲ್ಲಿ ಅದರ ಅರ್ಥ ತೊಡೆ! ಅದು ಪುಲ್ಲಿಂಗ ಪದ, ಎರಡು ತೊಡೆಗಳಿಗೆ ‘ಊರೂ’ ಎಂಬ ದ್ವಿವಚನ ರೂಪವೂ ಇದೆ. ಉಚ್ಚಾರ ಒಂದೇ ಆದರೆ ಪದ ಒಂದೇ ಆಗುವುದಿಲ್ಲ, ಅಲ್ವಾ?

ಜನ ವಾಸಿಸುವ ಜಾಗ ಎಂಬ ಅರ್ಥದ ‘ಊರು’ ದ್ರಾವಿಡ ಪದ. ತಮಿಳಿನಲ್ಲಿ ‘ಊರ್’. ತೆಲುಗಿನಲ್ಲೂ ‘ಊರು’, ಆದರೆ ಬಹುವಚನ ‘ಊಳ್ಳು’. ಕನ್ನಡದಲ್ಲಿ ಸುಮ್ನೆ ‘ಊರುಗಳು’ ಎಂದರೆ ಆಯಿತು. ನಮ್ಮ ಜಗಳೂರು, ಪಕ್ಕದ ಚಿತ್ರದುರ್ಗ ಜಿಲ್ಲೆಯ ಹಿರಿಯೂರು ನೋಡಿ. ಹಿರಿ, ಊರು ಸೇರುವಾಗ ನಡುವೆ ‘ಯ’ ಬಂತು. ಇದು ಅಚ್ಚಕನ್ನಡದ ಯಕಾರಾಗಮ ಸಂಧಿ. ಸಂಸ್ಕೃತದ ಸಂಧಿಯಾಗಿದ್ದರೆ ಅಲ್ಲಿ ‘ಹಿರ್ಯೂರು’ ಆಗಬೇಕಿತ್ತು.

ಕನ್ನಡದಲ್ಲೇ ಇನ್ನೂ ಎರಡು ‘ಊರು’ ಇವೆ, ಎರಡೂ ಕ್ರಿಯಾಪದ. ಹೊಲದಲ್ಲಿ ಮೆಕ್ಕೆಜೋಳದ ಬೀಜ ಊರುತ್ತೇವೆ. ಬಿಸಿ ಬೆಣ್ಣೆದೋಸೆ ಕಂಡರೆ ಬಾಯಲ್ಲಿ ನೀರು ಊರುತ್ತದೆ. ಈ ನೀರೂರುವ ‘ಊರು’ ಹಳಗನ್ನಡದಲ್ಲಿ ‘ಊಱು’ ಆಗಿತ್ತು. ಆ ‘ಱ’ ಅಕ್ಷರ ಬಳಕೆ ತಪ್ಪಿದ ಮೇಲೆ, ಜನ ವಾಸಿಸುವ ‘ಊರಿ’ಗೂ ಇದಕ್ಕೂ ಇದ್ದ ವ್ಯತ್ಯಾಸ ಬರವಣಿಗೆಯಲ್ಲೂ ಅಳಿಸಿಹೋಯಿತು.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.