ಮುಚ್ಚಳ ಮುಚ್ಚಬೇಕಲ್ಲ!

ಹಳೇ ಮೋಟರ್‌ಹೋಮ್, ಅಂದ್ರೆ ಮನೆಯನ್ನೇ ಹೊತ್ತು ಓಡೋ ಗಾಡಿ, ಕೊಂಡರೆ ಬ್ಯಾಟರಿಯಲ್ಲೂ ಎರಡು ಸಂಸಾರ. ಎಂಜಿನ್ ಎಬ್ಬಿಸೋದು ಒಂದು. ಒಳಗಿನ ದೀಪ, ಫ್ಯಾನು, ನೀರಿನ ಪಂಪು ನಡೆಸೋ ಹೌಸ್ ಬ್ಯಾಟರಿ ಇನ್ನೊಂದು. ನಮ್ಮ ಗಾಡಿಯಲ್ಲಿ ಸತ್ತಿದ್ದು ಎರಡನೇದು. ಮಿಷಿಗನ್ ಪೂರ್ತಿ ಸುತ್ತಬಹುದು, ನಿಲ್ಲಿಸಿದ ಮೇಲೆ ಮಾತ್ರ ಟಾರ್ಚ್ ಹಿಡಿದು ಸಾರು ಬಡಿಸಬೇಕು.

"ಬದಲಾಯಿಸಿದ್ರಾಯ್ತು" ಅಂದರು ಯಜಮಾನರು. ಅಲ್ಲಿಂದ ಊಟಕ್ಕೆ ಕೂತರೂ ಆಂಪಿಯರ್-ಅವರ್‌ನದೇ (ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಹಿಡಿಸುತ್ತೆ ಅನ್ನೋ ಅಳತೆ) ಮಾತು. ಸೀಸದ ಬ್ಯಾಟರಿಯನ್ನು ಅರ್ಧ ಚಾರ್ಜಿಗಿಂತ ಕೆಳಗೆ ಇಳಿಸಿದರೆ ಆಯಸ್ಸು ಕಮ್ಮಿ. ಲಿಥಿಯಂ ಹಗುರ, ಬಹುಪಾಲು ಖಾಲಿ ಮಾಡಬಹುದು. ಆದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಬಾರದು, ಹಳೇ ಚಾರ್ಜರನ್ನೂ ಬದಲಿಸಬೇಕಾದೀತು. ಕೊನೆಗೆ ಗಾಲ್ಫ್ ಗಾಡಿಯ 6 ವೋಲ್ಟಿನವು ಎರಡು ತಂದು ಒಂದರ ಹಿಂದೊಂದು, ಅಂದ್ರೆ ಸೀರೀಸ್‌ನಲ್ಲಿ, ಜೋಡಿಸಿ 12 ವೋಲ್ಟ್ ಮಾಡೋದು ಅಂತಾಯ್ತು. ಅವುಗಳ ಒಳಗಿನ ಪ್ಲೇಟು ದಪ್ಪ, ಬಾಳಿಕೆ ಬರುತ್ತವೆ. ನನ್ನನ್ನು ಕೇಳಿದ್ದರೆ ಮೊದಲು ಅಳತೆ ಟೇಪ್ ಹಿಡೀರಿ ಅನ್ನುತ್ತಿದ್ದೆ. ಕೇಳಲಿಲ್ಲ.

ಒಂದೊಂದೂ ಸುಮಾರು 28 ಕೆಜಿ. ಸೊಂಟ ಹಿಡಿದುಕೊಂಡು ಬಾಗಿಲ ಮೆಟ್ಟಿಲ ಕೆಳಗಿನ ಪೆಟ್ಟಿಗೆಗೆ ಇಳಿಸಿದರು. ಉದ್ದ ಸರಿ, ಅಗಲ ಸರಿ. ಮುಚ್ಚಳ ಮಾತ್ರ ಕೂರಲೊಲ್ಲದು. ಮೊದಲಿದ್ದದ್ದು ಗ್ರೂಪ್ 24, ಅದು ಬ್ಯಾಟರಿಯ ಒಂದು ಸೈಜು. ಅದರ ಎತ್ತರ 9 ಇಂಚಿನ ಆಸುಪಾಸು, ಇವುಗಳದು 11ರ ಹತ್ತಿರ. ಆ ಮುಚ್ಚಳವೇ ನಮ್ಮ ಮೆಟ್ಟಿಲು ಬೇರೆ, ಅದೂ ತಗಡಿನದು. ತುಳಿದರೆ ನೇರ ವೈರ್ ಸಿಕ್ಕಿಸೋ ಟರ್ಮಿನಲ್ ಮೇಲೆ, ಶಾರ್ಟ್ ಸರ್ಕ್ಯೂಟೇ.

"ಮುಚ್ಚಳ ತೆಗೆದೇ ಇಟ್ರೆ?"

"ಹತ್ತೋದು ಹೇಗೆ, ಹಾರಿಕೊಂಡಾ?"

ಬೇಸಿಗೆಗೆಂದು ತುಮಕೂರಿನಿಂದ ಬಂದಿದ್ದ ಅಪ್ಪ ಕಾಫಿ ಲೋಟ ಹಿಡಿದು ಎಲ್ಲ ನೋಡುತ್ತಿದ್ದರು. "ಅಳಿಯಂದ್ರೇ, ನಮ್ಮನೆ ಯುಪಿಎಸ್‌ಗೆ 150 ಆಂಪಿಯರ್-ಅವರ್‌ನ ಟಾಲ್ ಟ್ಯೂಬುಲರ್ ಬ್ಯಾಟರಿ ಹಾಕ್ಸಿದೀನಿ. ಆಗಾಗ ಡಿಸ್ಟಿಲ್ಡ್ ವಾಟರ್ ಹಾಕೋದು, ಅಷ್ಟೇ. ಅಂಥದ್ದು ಸಿಗಲ್ವಾ ಇಲ್ಲಿ?" ಅದರ ಎತ್ತರ ಒಂದಡಿಗೂ ಜಾಸ್ತಿ. ಅದನ್ನಿಟ್ಟರೆ ಮೆಟ್ಟಿಲಿಗೆ ಹತ್ತೋಕೇ ಇನ್ನೊಂದು ಮೆಟ್ಟಿಲು ಬೇಕು. ಅಪ್ಪನಿಗೆ ಅದನ್ನ ಹೇಳೋರು ಯಾರು? ಅಳಿಯಂದಿರು "ವಿಚಾರಿಸ್ತೀನಿ ಮಾವ" ಅಂದರು.

ಅಂಗಡಿಯವನು ಮುಖ ಸಿಂಡರಿಸದೆ ವಾಪಸ್ ತಗೊಂಡ, ಪುಣ್ಯ. ಈ ಸಲ ಟೇಪ್ ನನ್ನ ಕೈಲಿತ್ತು. ಗ್ರೂಪ್ 24ನವೇ ಎರಡು ಬಂದವು. ಪೆಟ್ಟಿಗೆಯಲ್ಲಿ ಕೂತವು, ಮುಚ್ಚಳವೂ ಬಿತ್ತು. ಯಜಮಾನರು ಅದರ ಮೇಲೆ ನಿಂತು ಒಂದು ಫೋಟೋನೂ ತೆಗೆಸಿಕೊಂಡರು.

ಆಮೇಲೆ ಕೇಬಲ್ ಹಾಕೋಕೆ ಬಗ್ಗಿದರು. ಹೊಸದರಲ್ಲಿ ಪ್ಲಸ್ ಇರೋ ಬದಿಯೇ ಬೇರೆ. ಕೆಂಪು ವೈರ್ ಎಟುಕಲಿಲ್ಲ. ತಿರುಗಿಸಿ ಇಟ್ಟರು. ಕಪ್ಪು ಎಟುಕಲಿಲ್ಲ.

"ಟಾಲ್ ಟ್ಯೂಬುಲರ್ ವಿಚಾರಿಸಿದ್ರಾ?" ಅಂದರು ಅಪ್ಪ.