ಅಲ್ಲಿ ಅಂದರೆ ಎಲ್ಲಿ?

ವಾಪಸು ಬಂದ ಮೊದಲ ರಾತ್ರಿ ಮೂರು ಗಂಟೆಯಾದರೂ ನಿದ್ದೆ ಹತ್ತಲಿಲ್ಲ. ನೀರು ಕುಡಿಯೋಣ ಅಂತ ಎದ್ದು ಕತ್ತಲಲ್ಲೇ ಗೋಡೆ ತಡವಿದೆ. ಸ್ವಿಚ್ ಇಲ್ಲ. ಇನ್ನಷ್ಟು ಕೆಳಗೆ ತಡವಿದೆ. ಅಲ್ಲೂ ಇಲ್ಲ. ನಾನು ಹುಟ್ಟಿ ಬೆಳೆದ ಮನೆ ಅದು. ಕಣ್ಣು ಮುಚ್ಚಿಕೊಂಡು ಓಡಾಡುತ್ತಿದ್ದ ಕೋಣೆ. ಆದರೆ ನನ್ನ ಕೈ ಹುಡುಕುತ್ತಿದ್ದದ್ದು ಸಾವಿರಾರು ಮೈಲಿ ಆಚೆ ಬಿಟ್ಟುಬಂದ ಬಾಡಿಗೆ ಮನೆಯ ಸ್ವಿಚ್ಚನ್ನು. ಅಲ್ಲಿ ಅದು ಬಾಗಿಲಿನ ಎಡಕ್ಕೆ, ಸೊಂಟದ ಎತ್ತರಕ್ಕಿತ್ತು. ಇಲ್ಲಿ ಬಲಕ್ಕೆ, ಹೆಗಲ ಎತ್ತರಕ್ಕಿದೆ. ನಾನು ಬಂದಿದ್ದೆ, ಕೈ ಇನ್ನೂ ಬಂದಿರಲಿಲ್ಲ.

ಸದ್ದಿಗೆ ಅಮ್ಮ ಎದ್ದು ಬಂದು ಪಟ್ ಅಂತ ದೀಪ ಹಾಕಿದರು.

"ಏನೋ ಹುಡುಕ್ತಿದ್ದೀಯ?"

"ಸ್ವಿಚ್ಚು."

"ಇದ್ದಲ್ಲೇ ಇದೆಯಲ್ಲೋ!"

ಅವರ ದನಿಯಲ್ಲಿ ಸಣ್ಣ ಗಾಬರಿ ಇತ್ತು. ಸ್ವಿಚ್ಚನ್ನೇ ಮರೆತವನು ಇನ್ನೇನೇನು ಮರೆತು ಬಂದಿದ್ದಾನೋ ಅನ್ನುವ ಗಾಬರಿ.

ನಿದ್ದೆಗೆಟ್ಟದ್ದಕ್ಕೆ ಕಾರಣ ಸುಲಭ. ನಮ್ಮೊಳಗಿನ ಗಡಿಯಾರದ ದಿನ 24 ಗಂಟೆಗಿಂತ ತುಸು ಉದ್ದವಂತೆ. ಹಾಗಾಗಿ ಪಶ್ಚಿಮಕ್ಕೆ ಹಾರಿದರೆ ಅದು ಬೇಗ ಒಗ್ಗಿಕೊಳ್ಳುತ್ತದೆ, ಪೂರ್ವಕ್ಕೆ ಹಾರಿದರೆ ಮುನಿಸಿಕೊಳ್ಳುತ್ತದೆ. ಹೊಸ ಸಮಯಕ್ಕೆ ಬರುವುದು ಹೆಚ್ಚುಕಡಿಮೆ ದಿನಕ್ಕೊಂದು ಗಂಟೆಯ ಲೆಕ್ಕದಲ್ಲಿ. ನಾನು ಪೂರ್ವಕ್ಕೆ ಹಾರಿ ಬಂದವನು. ಎರಡು ವಾರದಲ್ಲಿ ನಿದ್ದೆ ಸರಿಹೋಯಿತು. ನಾಲಿಗೆ ಸರಿಹೋಗಲಿಲ್ಲ.

ತೊಂದರೆ ಎಲ್ಲಾ 'ಅಲ್ಲಿ' ಅನ್ನುವ ಎರಡಕ್ಷರದ್ದು. ಹೊರದೇಶದಲ್ಲಿದ್ದಷ್ಟು ದಿನವೂ ಅಲ್ಲಿ ಅಂದರೆ ಮನೆ. "ಅಲ್ಲಾದರೆ ಇಷ್ಟೊತ್ತಿಗೆ ಬೆಳಗಾಗಿರುತ್ತೆ" ಅಂತ ಅಲ್ಲಿನವರ ಮುಂದೆ ಎಷ್ಟು ಸಲ ಹೇಳಿದ್ದೇನೋ. ಅವರು ಪಾಪ, ನಗುತ್ತಾ ತಲೆಯಾಡಿಸುತ್ತಿದ್ದರು. ವಿಮಾನ ಇಳಿದ ಮಾರನೇ ದಿನದಿಂದ ಅದೇ ಪದ ತಿರುಗಿ ನಿಂತಿತು. "ಅಲ್ಲಾದರೆ ಇಷ್ಟೊತ್ತಿಗೆ ಕತ್ತಲಾಗಿರುತ್ತೆ." ಕೇಳಿದವರು ತಲೆಯಾಡಿಸಲಿಲ್ಲ. ತಮ್ಮ ಒಂದು ದಿನ ತಡೆಯಲಾರದೆ ಹೇಳಿದ: "ಅಣ್ಣಾ, ಇವತ್ತು ಏಳು ಸಲ ಅಲ್ಲಿ ಅಂದೆ. ಎಣಿಸಿದೀನಿ." ಜಂಬಕ್ಕೆ ಹೇಳಿದ್ದಲ್ಲ ಅಂತ ವಾದಿಸಿದೆ. ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಜಾಸ್ತಿ ಇದ್ದದ್ದು ಅಭ್ಯಾಸ. ಐದು ವರ್ಷದ ನೆನಪೆಲ್ಲಾ ನಡೆದದ್ದು ಅಲ್ಲೇ ತಾನೇ? ಅಲ್ಲಿ ಅನ್ನದೆ ಅದನ್ನು ಹೇಳುವುದಾದರೂ ಹೇಗೆ?

ಹಾಗಂತ ಕೇಳುವವರು ಇದ್ದಾರೆಯೇ ಅಂದರೆ ಅದೂ ಇಲ್ಲ. ಎಲ್ಲರೂ ಕೇಳುತ್ತಾರೆ, "ಹೇಗಿತ್ತು?" ಅಂತ. ಅದಕ್ಕೆ ಸಿಗುವ ಸಮಯ ಸುಮಾರು ಇಪ್ಪತ್ತು ಸೆಕೆಂಡ್. ಮೊದಮೊದಲು ನಾನು ದಡ್ಡನ ಹಾಗೆ ಮೊದಲಿಂದ ಶುರು ಮಾಡುತ್ತಿದ್ದೆ. ಮೊದಲ ಚಳಿಗಾಲ, ಬೀಗದ ಕೈ ಒಳಗೇ ಉಳಿದು ಹೊರಗೆ ನಿಂತ ರಾತ್ರಿ, ಪಕ್ಕದ ಮನೆಯ ಮುದುಕ. ಮುದುಕನ ತನಕ ಯಾರೂ ಬರಲಿಲ್ಲ. ಚಳಿಗಾಲದಲ್ಲೇ ಕಣ್ಣು ಫೋನಿನ ಕಡೆ ಹೋಗುತ್ತಿತ್ತು. ಈಗ "ಚೆನ್ನಾಗಿತ್ತು" ಅನ್ನುತ್ತೇನೆ. ಇಬ್ಬರಿಗೂ ನೆಮ್ಮದಿ.

ನನಗೊಬ್ಬನಿಗೇ ಹೀಗಾ ಅಂತ ಓದುತ್ತಾ ಹೋದೆ. ಅಲ್ಲವಂತೆ. ಹೊರದೇಶಕ್ಕೆ ಹೋದವರ ಮನಸ್ಸು ಮೊದಲು ಉಬ್ಬಿ, ಆಮೇಲೆ ಕುಸಿದು, ಮತ್ತೆ ಮೇಲೇಳುತ್ತದೆ ಅಂತ ನಾರ್ವೆಯ ಸಮಾಜಶಾಸ್ತ್ರಜ್ಞ ಲಿಸ್ಗಾರ್ಡ್ 1955ರಲ್ಲಿ ಬರೆದರು. ಅಮೆರಿಕಕ್ಕೆ ಓದಲು ಹೋಗಿಬಂದ ಸುಮಾರು 200 ಮಂದಿ ನಾರ್ವೆಯವರನ್ನು ಮಾತಾಡಿಸಿ ಹೇಳಿದ ಮಾತು ಅದು. ಗೀಟು ಎಳೆದರೆ ಇಂಗ್ಲಿಷಿನ ಯು ಅಕ್ಷರ. 1963ರಲ್ಲಿ ಸಂಶೋಧಕರಾದ ಗಲ್ಲಾಹಾರ್ನ್ ದಂಪತಿ ಬಂದು, "ತಾಳಿ, ಮನೆಗೆ ಮರಳಿದ ಮೇಲೆ ಇನ್ನೊಂದು ಗುಂಡಿ ಇದೆ" ಅಂದರು. ಯು ಪಕ್ಕ ಯು ಸೇರಿ ಡಬ್ಲ್ಯು ಆಯಿತು. ಎಲ್ಲರಿಗೂ ಹೀಗೇ ಆಗುವುದಿಲ್ಲ ಅಂತ ಆಮೇಲಿನವರು ತಕರಾರು ತೆಗೆದಿದ್ದಾರೆ. ಇರಲಿ. ನಾನಂತೂ ಡಬ್ಲ್ಯುವಿನ ಎರಡನೇ ಗುಂಡಿಯ ತಳದಲ್ಲಿ ಕೂತು ಓದುತ್ತಿದ್ದೆ. ದಂಪತಿಯ ಮೇಲೆ ಪ್ರೀತಿ ಉಕ್ಕಿತು.

ಇವರಿಗಿಂತ ಹಳಬ ಯೋಹಾನಸ್ ಹೋಫರ್. ಮನೆ ನೆನೆದು ಸೊರಗುವುದಕ್ಕೆ 1688ರಲ್ಲಿ ನಾಸ್ಟಾಲ್ಜಿಯಾ ಅಂತ ಹೆಸರಿಟ್ಟ ವೈದ್ಯ. ಗ್ರೀಕ್ ಭಾಷೆಯ ಎರಡು ಪದ ಕಟ್ಟಿ ಮಾಡಿದ ಹೆಸರು: ಮನೆಗೆ ಮರಳುವುದು, ನೋವು. ಆತನ ಪ್ರಕಾರ ಇದಕ್ಕೆ ಖಾತ್ರಿ ಮದ್ದು ರೋಗಿಯನ್ನು ಮನೆಗೆ ಕಳಿಸುವುದು. ಸರಿ ಸ್ವಾಮಿ, ಮದ್ದು ತೆಗೆದುಕೊಂಡಾಯಿತು. ಈಗ ಬಿಟ್ಟುಬಂದ ಬಾಡಿಗೆ ಮನೆ ನೆನಪಾಗುತ್ತಿದೆ. ಮುಂದಿನ ಚೀಟಿ ಬರೆದುಕೊಡಿ.

ಇಷ್ಟಕ್ಕೂ ಅಲ್ಲಿ ನನಗೆ ಸಿಗುತ್ತಿದ್ದು ಇಲ್ಲಿ ಸಿಗದ ವಸ್ತು ಯಾವುದು ಅಂತ ಯೋಚಿಸಿದರೆ, ಅದು ಸೌಕರ್ಯ ಅಲ್ಲ. ರಿಯಾಯಿತಿ. ಹೊರಗಿನವನು ಅನ್ನುವ ರಿಯಾಯಿತಿ. ತಪ್ಪು ಸಾಲಿನಲ್ಲಿ ನಿಂತರೂ, ನಗಬಾರದ ಕಡೆ ನಕ್ಕರೂ, ಫಾರಂ ತಲೆಕೆಳಗಾಗಿ ತುಂಬಿದರೂ "ಪಾಪ, ಗೊತ್ತಿಲ್ಲ" ಅಂತ ಬಿಡುತ್ತಿದ್ದರು. ಸ್ವಂತ ನೆಲದಲ್ಲಿ ಗೊತ್ತಿಲ್ಲದಿರುವುದು ಅಪರಾಧ. ಮುಖ ಇಲ್ಲಿಯದು, ಮಾತು ಇಲ್ಲಿಯದು. ಪ್ರಶ್ನೆ ಮಾತ್ರ ಹೊರಗಿನವನದು.

ಒಂದು ಕಚೇರಿಯ ಕೌಂಟರಿನಲ್ಲಿ ಹೀಗೇ ಆಯಿತು. ಕಿಟಕಿಯೊಳಗಿನವರು ತಲೆ ಎತ್ತದೆ, "ಒಟಿಪಿ ಹೇಳಿ" ಅಂದರು.

"ಬಂದಿಲ್ಲ."

"ಕಳಿಸಿದೀನಿ ನೋಡಿ."

ನೋಡಿದೆ. ಹೊಳೆಯಿತು. ಅಲ್ಲಿದ್ದಾಗ ಕೊಟ್ಟಿದ್ದ ಅಲ್ಲಿನ ನಂಬರೇ ಖಾತೆಯಲ್ಲಿ ಉಳಿದಿತ್ತು. "ಒಟಿಪಿ ಅಲ್ಲಿಗೆ ಹೋಗಿದೆ" ಅಂದೆ.

"ಅಲ್ಲಿ ಅಂದ್ರೆ ಎಲ್ಲಿ?"

ಹೇಳಿದೆ. ನಂಬರ್ ಬದಲಾಯಿಸಬೇಕು ಅಂದೆ. ಬದಲಾಯಿಸಲೂ ಒಟಿಪಿ ಬೇಕಂತೆ, ಅದು ಹೋಗುವುದೂ ಅಲ್ಲಿಗೇ. ಆಗ ಅವರು ಮೊದಲ ಸಲ ತಲೆ ಎತ್ತಿದರು. "ಎಲ್ಲಿಯವರು ನೀವು?" "ಇಲ್ಲಿಯವನೇ." ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಆ ಸಿಮ್ ಇನ್ನೂ ನನ್ನ ಪರ್ಸಿನಲ್ಲೇ ಇದೆ, ಸತ್ತು ಮೂರು ತಿಂಗಳಾಯಿತು. ಎಸೆಯಲು ಮನಸ್ಸು ಬಂದಿಲ್ಲ. ಅದರ ಪಕ್ಕ ಅಲ್ಲಿನ ನಾಲ್ಕು ಚಿಲ್ಲರೆ ಕಾಸು, ಇಲ್ಲಿನ ಯಾವ ಗೋಡೆಗೂ ಹೊಂದದ ಪ್ಲಗ್ ಮೇಜಿನ ಖಾನೆಯಲ್ಲಿ.

ರಸ್ತೆಯದು ಬೇರೆ ಕತೆ. ಅಲ್ಲಿ ವಾಹನ ಓಡುವುದು ಬಲಬದಿಗೆ, ಇಲ್ಲಿ ಎಡಬದಿಗೆ. ಡ್ರೈವರ್ ಕಡೆಯ ಬಾಗಿಲು ತೆರೆದು ಕೂರಲು ಹೋಗಿ ಎರಡು ಸಲ ಟ್ಯಾಕ್ಸಿಯವನ ಮುಖ ನೋಡಿದ್ದೇನೆ. 1967ರ ಸೆಪ್ಟೆಂಬರ್ 3ರಂದು ಸ್ವೀಡನ್ನಿನಲ್ಲಿ ಬೆಳಗಿನ ಜಾವ ಐದಕ್ಕೆ ಇಡೀ ದೇಶದ ವಾಹನಗಳು ರಸ್ತೆಯ ಎಡಬದಿಯಿಂದ ಬಲಬದಿಗೆ ಬದಲಾದವು. ಅವರಿಗೇನು, ಎಲ್ಲರೂ ಒಟ್ಟಿಗೆ ಗೊಂದಲಕ್ಕೆ ಬಿದ್ದರು. ನನಗೆ ಜೊತೆಯೇ ಇಲ್ಲ.

ಸಮಾಧಾನಕ್ಕೆ ಸೆರ್ಗೆಯ್ ಕ್ರಿಕಾಲೆವ್‌ನನ್ನು ನೆನೆಯುತ್ತೇನೆ. 1991ರ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದಿಂದ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದವನು, 1992ರ ಮಾರ್ಚಿನಲ್ಲಿ ಇಳಿದ. ಸುಮಾರು 311 ದಿನ ಮೇಲಿದ್ದ. ಅಷ್ಟರಲ್ಲಿ ಕಳಿಸಿದ ದೇಶವೇ ಇರಲಿಲ್ಲ. ಹುಟ್ಟಿದ ಲೆನಿನ್‌ಗ್ರಾಡ್ ಸೇಂಟ್ ಪೀಟರ್ಸ್‌ಬರ್ಗ್ ಆಗಿತ್ತು. ಅವನಿಗೆ ಹೋಲಿಸಿದರೆ ನನ್ನ ಸ್ವಿಚ್ಚು ಇದ್ದಲ್ಲೇ ಇದೆ. ಆದರೂ ಅವನು ಕೆಳಗಿಳಿದ ಮೇಲೆ "ಅಲ್ಲಿ ಹೀಗಿರಲಿಲ್ಲ" ಅಂತ ಎಷ್ಟು ಸಲ ಅಂದನೋ, ಅವನ ಮನೆಯವರು ಎಣಿಸಿದರೋ ಇಲ್ಲವೋ ಅನ್ನುವ ಕುತೂಹಲ ನನಗೆ.

ಈಗ ವಾಸಿ. ತಮ್ಮನ ಲೆಕ್ಕದಲ್ಲಿ ದಿನಕ್ಕೆ ಎರಡಕ್ಕೆ ಇಳಿದಿದ್ದೇನೆ. ಫೋನಿನಲ್ಲಿ ಮಾತ್ರ ಹವಾಮಾನದ ಪಟ್ಟಿಯಲ್ಲಿ ಅಲ್ಲಿನ ಊರು ಇನ್ನೂ ಮೇಲಿದೆ, ಇಲ್ಲಿಯದು ಅದರ ಕೆಳಗೆ. ಬೆಳಗ್ಗೆ ಎದ್ದವನು ಸುಮ್ನೆ ಅದನ್ನು ನೋಡುತ್ತೇನೆ. ಹಿಮ ಬೀಳುತ್ತದೆ ಅಂದರೆ ಯಾರದ್ದೋ ಮೆಟ್ಟಿಲು ಜಾರುತ್ತದೆ ಅಂತ ಚಿಂತೆಯೂ ಆಗುತ್ತದೆ.

ಮೊನ್ನೆ ಅಲ್ಲಿನ ಗೆಳೆಯ ಫೋನ್ ಮಾಡಿದ. ನಮ್ಮ ಭಾಷೆಯವನೇ, ಅದೇ ಕಟ್ಟಡದಲ್ಲಿ ನನ್ನ ಮೇಲಿನ ಮಹಡಿಯವನು. "ನಿಮ್ಮಲ್ಲಿ ಹೆಂಗಿದೆ ಹವಾ?" ಅಂದ.

ಫೋನಿನ ಪರದೆ ಮೇಲೇ ಇತ್ತು. "ನಮ್ಮಲ್ಲಾ? ಮೈನಸ್ ನಾಲ್ಕು ಮಾರಾಯ, ಸಂಜೆಗೆ ಹಿಮ."

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ನಗು. "ಅದು ನಮ್ಮಲ್ಲಿ ಕಣೋ!"

ಒಳಗೆ ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುತ್ತಿದ್ದ ಅಮ್ಮ ಕೂಗಿ ಕೇಳಿದರು, "ಏನೋ ಅದು ಮೈನಸ್ಸು?"